ಚಾವಣಿಯ ಮೇಲಿನ ಕುಂಕುಮ

2023ರ ಜುಲೈ 31, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಖಾತೂನ್ ಲಾರೆನ್ಸ್‌ವಿಲ್‌ನ ಪೊಲೀಸ್ ಠಾಣೆಗೆ ಬಂದಾಗ ಆಕೆಯ ಕೈಯಲ್ಲಿ ಗಂಡನ ಬೂಟುಗಳಿದ್ದ ಪ್ಲಾಸ್ಟಿಕ್ ಚೀಲವಿತ್ತು. ಆಸ್ಪತ್ರೆಯವರು ಕೊಟ್ಟದ್ದನ್ನು ಎಲ್ಲಿಡಬೇಕೆಂದು ತೋಚದೆ ಹಾಗೇ ಹಿಡಿದು ಬಂದಿದ್ದಳು.

“ಎಫ್‌ಐಆರ್ ಹಾಕ್ಬೇಕು ಮೇಡಂ.”

“ಈ ದೇಶದಲ್ಲಿ ರಿಪೋರ್ಟ್ ಅಂತೀವಿ. ಕೂತ್ಕೊಳ್ಳಿ, ಹೇಳಿ,” ಎಂದಳು ಡಿಟೆಕ್ಟಿವ್ ಸಿದ್ದೇಶ್ವರಿ.

ಶುಕ್ರವಾರ ಪಕ್ಕದ ಸುವಾನಿ ಊರಿನಲ್ಲಿ ಕನ್ನಡಿಗರ ಸಭಾಭವನವೊಂದರ ಚಾವಣಿಯಲ್ಲಿ ಎಸಿ ರಿಪೇರಿಗೆ ಕೂತಿದ್ದ ಅವಳ ಗಂಡ ತೌಸಿಫ್‌ನ ಎರಡೂ ಕೈ ಸುಟ್ಟಿದ್ದವು. ಕೆಲಸಗಾರ ಸಿಗರೇಟು ಸೇದುತ್ತಿದ್ದ ಎಂದು ಭವನದ ಕಾರ್ಯದರ್ಶಿ ಕೃಷ್ಣಪ್ರಸಾದ ಅಗ್ನಿಶಾಮಕ ಇಲಾಖೆಗೆ ಹೇಳಿಕೆ ಕೊಟ್ಟಿದ್ದರು. ಮೊದಲ ವರದಿಯಲ್ಲಿ ಅದೇ ದಾಖಲಾಗಿತ್ತು. ಅದು ಹಾಗೇ ಉಳಿದರೆ ತೌಸಿಫ್‌ನ ಲೈಸೆನ್ಸ್ ರದ್ದಾಗುತ್ತಿತ್ತು. ಕೈ ವಾಸಿಯಾದರೂ ಕೈಗೆ ಕೆಲಸವಿರುತ್ತಿರಲಿಲ್ಲ.

“ಒಗ್ಗರಣೆ ಹೊಗೆಗೇ ಕೆಮ್ಕೊಂಡು ಹೊರಗೆ ಓಡೋ ಮನುಷ್ಯ ಅವ್ರು,” ಎಂದಳು ಖಾತೂನ್. “ಸಿಗರೇಟಂತೆ.”

ಆಸ್ಪತ್ರೆಯಲ್ಲಿ ತೌಸಿಫ್ ಬ್ಯಾಂಡೇಜ್ ಸುತ್ತಿದ ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡೇ ಉತ್ತರ ಕೊಟ್ಟ.

“ಏನು ಕೆಲಸ ಮಾಡ್ತಿದ್ರಿ?”

“ಪ್ಯಾಕೇಜ್ ಯೂನಿಟ್ ಮೇಡಂ. ಕಂಪ್ರೆಸರ್, ಕಾಯಿಲ್, ಫ್ಯಾನ್ ಎಲ್ಲಾ ಒಂದೇ ಡಬ್ಬಿಲಿ. ಎಲ್ಲೋ ಲೀಕ್ ಇತ್ತು. ಹಳೇ ಗ್ಯಾಸನ್ನ ಗಾಳಿಗೆ ಬಿಡಂಗಿಲ್ಲ, ಮೊದ್ಲು ಸಿಲಿಂಡರಿಗೆ ಎಳ್ಕೊಳ್ಬೇಕು. ಎಳೆಯೋ ಮಷೀನ್ ಆನ್ ಮಾಡಿದೆ. ಸ್ವಿಚ್ಚಲ್ಲಿ ಒಂದು ಕಿಡಿ. ಅಷ್ಟೇ.”

“ಎಸಿ ಗ್ಯಾಸಿಗೆ ಬೆಂಕಿ ಹತ್ತುತ್ತಾ?”

“ಅದ್ರ ಮೇಲೆ ಬರೆದಿರೋ ಗ್ಯಾಸಿಗೆ ಹಂಗೆ ಹತ್ತಲ್ಲ. ಮಷೀನ್ ಹಾಕೋ ಮೊದ್ಲೇ ಒಂಥರಾ ವಾಸನೆ ಬಂತು ಅಂತ ಕೆಳಗಿಳಿದು ಸೆಕ್ರೆಟರಿನ ಕೇಳ್ದೆ. ‘ಅಂಕಲ್, ಇದಕ್ಕೆ ಯಾರಾದ್ರೂ ಬೇರೆ ಗ್ಯಾಸ್ ತುಂಬಿದ್ರಾ?’ ಅಂತ. ‘ಯಾರೂ ಮುಟ್ಟಿಲ್ಲಪ್ಪ, ಅದು ಕಿಚನ್ ವಾಸನೆ, ನೀನು ಬೇಗ ಮುಗಿಸು’ ಅಂದ್ರು.”

ಸಿದ್ದೇಶ್ವರಿ ಆ ಮಾತಿನ ಕೆಳಗೆ ಗೆರೆ ಎಳೆದಳು.

ಮಧ್ಯಾಹ್ನ ಆಫೀಸರ್ ಡೆಲ್ಗಾಡೊ ಜೊತೆ ಚಾವಣಿಯ ಪರಿಶೀಲನೆ ನಡೆಯಿತು. ಸುಟ್ಟ ಯಂತ್ರದ ಪಕ್ಕದಲ್ಲಿ ತೌಸಿಫ್‌ನ ಸಿಲಿಂಡರ್ ಇನ್ನೂ ಇತ್ತು. ಕವಾಟ ಬಿಗಿಯಾಗಿದ್ದು, ಒಳಗೆ ಒಂದಿಷ್ಟು ಗ್ಯಾಸ್ ಸೇರಿಕೊಂಡಿತ್ತು. ಅದು ಪ್ರಯೋಗಾಲಯಕ್ಕೆ ಹೋಯಿತು. ಸಿಗರೇಟಿನ ತುಂಡಾಗಲಿ, ಬೂದಿಯಾಗಲಿ ಎಲ್ಲೂ ಸಿಗಲಿಲ್ಲ.

ಕೆಲಸ ಶುರು ಮಾಡುವ ಮೊದಲು ತೌಸಿಫ್ ಯಂತ್ರದ ಬಾಗಿಲು ಬಿಚ್ಚಿ ಚಾವಣಿಯ ಆ ತುದಿಗೆ ಒರಗಿಸಿಟ್ಟಿದ್ದ. ಬೆಂಕಿ ಅದನ್ನು ಮುಟ್ಟಿರಲಿಲ್ಲ. ಅದರ ಒಳಮೈಯಲ್ಲಿದ್ದ ಗುರುತನ್ನು ಡೆಲ್ಗಾಡೊ ‘ಕೆಂಪು ತುಕ್ಕು’ ಎಂದು ಬರೆದುಕೊಳ್ಳುತ್ತಿದ್ದ. ಸಿದ್ದೇಶ್ವರಿ ಬಗ್ಗಿ ನೋಡಿ ಅವನ ಪೆನ್ನು ತಡೆದಳು. ಅದು ಗಂಧದಲ್ಲಿ ಕಲಸಿದ ಕುಂಕುಮ. ಹೊಸ ಕಾರಿಗೆ ಇಡುವ ಹಾಗೆ ಯಾರೋ ಬೊಟ್ಟಿಟ್ಟಿದ್ದರು. ಒಣಗಿದ ಗಂಧದಲ್ಲಿ ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಉಳಿದಿದ್ದವು.

ಮಾರನೆಯ ದಿನ ಕೃಷ್ಣಪ್ರಸಾದ ತಾವಾಗಿಯೇ ಠಾಣೆಗೆ ಬಂದರು. ಐವತ್ತರ ಆಸುಪಾಸಿನ ಸಾಫ್ಟ್‌ವೇರ್ ಮ್ಯಾನೇಜರ್, ಇಸ್ತ್ರಿ ಮಾಡಿದ ಅಂಗಿ.

“ನಮ್ಮ ಕಡೆಯವ್ರೇ ಇದೀರಲ್ಲ, ಒಳ್ಳೇದಾಯ್ತು. ಯಾವೂರಮ್ಮ ನಿಮ್ಮದು?”

“ಇದೇ ಗ್ವಿನೆಟ್ ಕೌಂಟಿ. ನೀವು ಚಾವಣಿ ಹತ್ತಿದ್ರಾ ಸರ್?”

“ನಾನಾ? ಏಣಿ ಕಂಡ್ರೇ ತಲೆ ಸುತ್ತುತ್ತೆ. ಯಾವತ್ತೂ ಹತ್ತಿಲ್ಲ.”

“ಸಿಗರೇಟು ಸೇದಿದ್ದು ಹೇಗೆ ನೋಡಿದ್ರಿ, ಹಾಗಾದ್ರೆ?”

ಅವರು ಕನ್ನಡಕ ಒರೆಸಿಕೊಂಡರು. “ನೋಡಿದೆ ಅಂತಲ್ಲ. ಇಂಥವ್ರು ಸೇದ್ತಾರಲ್ಲ, ಜನರಲ್ಲಾಗಿ ಹೇಳ್ದೆ.”

ಊಹೆಯ ಒಂದು ಮಾತಿನಿಂದ ಒಬ್ಬ ಮನುಷ್ಯನ ಜೀವನೋಪಾಯ ಕಿತ್ತುಕೊಳ್ಳಲು ಹೊರಟಿದ್ದರು. ಸಿದ್ದೇಶ್ವರಿ ದನಿ ಏರಿಸಲಿಲ್ಲ. ಭವನದವರೆಲ್ಲರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದೇವೆ, ಕೊಡಲೇಬೇಕೆಂದಿಲ್ಲ ಎಂದಳು. ಅವರು ನಗುತ್ತಲೇ ಹತ್ತೂ ಬೆರಳು ಕೊಟ್ಟರು. ಮೇಲಿನದೆಲ್ಲ ಸುಟ್ಟುಹೋಗಿದೆ ಎಂದೇ ನಂಬಿದ್ದರು.

ಆ ಸಂಜೆ ಭವನದಲ್ಲಿ ನೃತ್ಯಶಿಕ್ಷಕಿ ಶ್ರೀಲತಾ ಸಿಕ್ಕರು.

“ಎಸಿ ಮೊದಲು ಯಾವಾಗ ಕೈಕೊಟ್ಟಿತ್ತು?”

“ಜುಲೈ ಏಳಕ್ಕೆ. ಮಾರನೇ ದಿನವೇ ಕೃಷ್ಣಪ್ರಸಾದ್ ಅವರ ಮಗಳ ರಂಗಪ್ರವೇಶ. ಜುಲೈ ನಾಲ್ಕರ ರಜೆ ವಾರ, ಮೆಕ್ಯಾನಿಕ್ ಯಾರೂ ಸಿಗ್ಲಿಲ್ಲ. ಅವ್ರೇ ವಿಡಿಯೋ ನೋಡಿ ರೆಡಿ ಮಾಡಿಬಿಟ್ರು. ಹಾಲ್ ಐಸ್ ಆಗ್ಹೋಯ್ತು. ಸ್ಟೇಜಲ್ಲೇ ಅವ್ರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ವಿ.”

“ಏನಾದ್ರೂ ವಾಸನೆ?”

“ಹೂಂ, ಸಣ್ಣಗೆ. ಪುಳಿಯೋಗರೆಗೆ ಇಂಗು ಜಾಸ್ತಿ ಬಿದ್ದಿದೆ ಅಂತ ಅಡಿಗೆಯವ್ರನ್ನ ಎಲ್ರೂ ರೇಗಿಸ್ತಿದ್ರು.”

ಸಿದ್ದೇಶ್ವರಿ ಅಡುಗೆಮನೆಯ ಹಿಂದೆ ಹೋದಳು. ದೋಸೆ ಒಲೆಗಳಿಗೆಂದು ಸಾಲಾಗಿ ಪ್ರೊಪೇನ್, ಅಂದರೆ ಅಡುಗೆ ಗ್ಯಾಸಿನ, ಸಿಲಿಂಡರ್‌ಗಳಿದ್ದವು. ಒಂದರ ಬಾಯಿಗೆ ಎಸಿ ಪೈಪು ಕೂರುವ ಹಿತ್ತಾಳೆಯ ತಿರುಪು ಇನ್ನೂ ಹಾಗೇ ಇತ್ತು.

ಆಗಸ್ಟ್ 9ರಂದು ಪ್ರಯೋಗಾಲಯದ ವರದಿ ಬಂತು. ತೌಸಿಫ್ ಯಂತ್ರದಿಂದ ಹೊರತೆಗೆದದ್ದರಲ್ಲಿ ಮುಕ್ಕಾಲು ಪಾಲು ಒಲೆಯ ಪ್ರೊಪೇನ್. ಕುಂಕುಮದಲ್ಲಿದ್ದದ್ದು ಕೃಷ್ಣಪ್ರಸಾದರ ಬಲಗೈ ಉಂಗುರ ಬೆರಳಿನ ಅಚ್ಚು. ಮಾರನೆಯ ದಿನ ವಾರಂಟ್ ಹಿಡಿದು ಸಿದ್ದೇಶ್ವರಿ, ಡೆಲ್ಗಾಡೊ ಇಬ್ಬರೂ ಅವರ ಆಫೀಸಿಗೆ ಹೋದರು. ಆರೋಪ: ಸುಳ್ಳು ಹೇಳಿಕೆ, ಜೀವಕ್ಕೆ ಅಪಾಯ ತಂದ ಅಜಾಗರೂಕತೆ. ಬಂಧಿತರ ಹಕ್ಕುಗಳನ್ನು ಡೆಲ್ಗಾಡೊ ಓದಿ ಹೇಳಿದ. ಕೃಷ್ಣಪ್ರಸಾದ ವಕೀಲರು ಬೇಕೆಂದು ಕೇಳಲಿಲ್ಲ.

“ಕೂಲಿಂಗ್ ಚೆನ್ನಾಗೇ ಬಂತಲ್ಲ ಮೇಡಂ,” ಎಂದರು.

“ಬಂತು. ತೌಸಿಫ್ ಇಳಿದು ಬಂದು ಕೇಳ್ದಾಗ ಒಂದು ಮಾತು ಹೇಳ್ಬಹುದಿತ್ತಲ್ಲ?”

“ಕಮಿಟಿಯವ್ರು ಅಲ್ಲೇ ನಿಂತಿದ್ರು. ಶಾಲು ಹೊದಿಸಿದ್ದವ್ರು. ಅವ್ರ ಮುಂದೆ ಹೇಗೆ ಹೇಳ್ಲಿ?”

“ರಂಗಪ್ರವೇಶದ ದಿನ ಸ್ಟೇಜಿನ ದೀಪ ಹಚ್ಚಿದ್ದು ಯಾರು ಸರ್?”

ಅವರು ತಲೆ ಎತ್ತಿದರು.

“ಕಾಯಿಲ್ ಲೀಕ್ ಇತ್ತು. ಆ ಗ್ಯಾಸ್ ಗಾಳಿ ಜೊತೆ ಹಾಲಿಗೇ ಇಳೀತಿತ್ತು. ಜನ ಇಂಗು ಅಂದ್ಕೊಂಡ್ರು. ದೀಪ ಹಚ್ಚಿದ್ದು ಯಾರು?”

“ನನ್ನ ಮಗಳು,” ಎಂದರು ಕೃಷ್ಣಪ್ರಸಾದ.

ಅಗ್ನಿಶಾಮಕ ಇಲಾಖೆ ತೌಸಿಫ್‌ನ ಮೇಲಿನ ಆರೋಪವನ್ನು ವಾಪಸ್ ತೆಗೆದುಕೊಂಡಿತು. ಸುದ್ದಿ ಹೇಳಲು ಸಿದ್ದೇಶ್ವರಿ ಆಸ್ಪತ್ರೆಗೆ ಹೋದಾಗ ಖಾತೂನ್ ಅವನಿಗೆ ಅನ್ನ ತಿನ್ನಿಸುತ್ತಿದ್ದಳು. ಇನ್ನೂ ಎಷ್ಟು ತಿಂಗಳು ಹೀಗೆ ಎಂದು ಡಾಕ್ಟರು ಹೇಳಿರಲಿಲ್ಲ. ತೌಸಿಫ್ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದ.

“ಆ ಹುಡುಗಿಗೆ ಏನೂ ಆಗ್ಲಿಲ್ವಲ್ಲ?”

ಅಂತಿಮ ವರದಿಯಲ್ಲಿ ಅಪರಾಧದ ಉದ್ದೇಶವನ್ನು ಬರೆಯಬೇಕಾದ ಜಾಗದಲ್ಲಿ ಸಿದ್ದೇಶ್ವರಿ ಬರೆದದ್ದು ಇಷ್ಟೇ: ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಹೊದಿಸಿದ ಶಾಲನ್ನು ತೆಗೆದಿಡಲು ಅವರಿಂದ ಆಗಲಿಲ್ಲ.