ಕಾವಲಿಗಿಟ್ಟ ಚಪ್ಪಲಿ

ಗಂಡಸರ ಚಪ್ಪಲಿಗೆ ಅರವತ್ತೈದು ರೂಪಾಯಿ. ಅವ್ವ ಕೊಟ್ಟ ಎರಡು ತೊಲದ ಸರಕ್ಕೆ ಆಗಿನ ದರದಲ್ಲಿ ಹದಿಮೂರು ಸಾವಿರ. ಲಿಂಗಂಪಲ್ಲಿಯ ಬಾಡಿಗೆ ಮನೆಗೆ ಒಬ್ಬಳೇ ಬಂದ ದಿನವೇ ಕುಮುದಾ ಆ ಚಪ್ಪಲಿ ಕೊಂಡು ಹೊಸ್ತಿಲಾಚೆ ಇಟ್ಟಿದ್ದಳು. ನೋಡಿದವರು ಒಳಗೆ ಗಂಡಸಿದ್ದಾನೆ ಅಂದುಕೊಳ್ಳಲಿ ಎಂದು. ಈ ಸಂಜೆ ಸಾಫ್ಟ್‌ವೇರ್ ಕಂಪನಿಯಿಂದ ಬಂದಾಗ ಚಪ್ಪಲಿ ಇದ್ದಲ್ಲೇ ಇತ್ತು. ಬೀಗ ಮುರಿದಿರಲಿಲ್ಲ. ಕಪಾಟಿನಲ್ಲಿ ಸರ ಮಾತ್ರ ಇರಲಿಲ್ಲ.

ಕೀಲಿ ಇದ್ದದ್ದು ಎರಡು. ಒಂದು ಅವಳ ಬಳಿ. ಇನ್ನೊಂದು — ಮನೆಗೆಲಸದ ಸುಗಲಮ್ಮನ ಬಳಿ.

ಸಂಜೆಯ ಕೆಲಸಕ್ಕೆ ಬಂದ ಸುಗಲಮ್ಮನ ಚೀಲವನ್ನು ಕುಮುದಾ ಗಾಬರಿಯಲ್ಲಿ ನಾಲ್ಕು ಜನರ ಮುಂದೆ ಮೆಟ್ಟಿಲ ಮೇಲೆ ಸುರಿದಳು. ಬಿದ್ದದ್ದು ಎರಡು ರೊಟ್ಟಿ, ಒಂದು ಬಾಚಣಿಗೆ.

"ನಾ ಮುಟ್ಟಿಲ್ಲರಿ ಅಕ್ಕಾರ. ಮಕ್ಕಳ ಆಣಿ."

"ಆಣಿ-ಗೀಣಿ ಪೊಲೀಸರ ಮುಂದ ಮಾಡವಾ," ಎಂದ ಮನೆ ಕೊಡಿಸಿದ ದಲ್ಲಾಳಿ ಪದ್ಮನಾಭ. ಗಲಾಟೆ ಕೇಳಿ, ಟು-ಲೆಟ್ ಚೀಟಿಗಳ ಚೀಲ ಹೆಗಲಲ್ಲೇ ಇದ್ದಂತೆ ಓಡಿ ಬಂದಿದ್ದ. "ಫೋನ್ ಹಚ್ಚಲೇನ್ರಿ ಮೇಡಂ?"

"ಜರಾ ತಡೀಪಾ," ಎಂದಳು ಕೆಳಮನೆಯ ಜಯಮ್ಮ. ರಕ್ಷಣಾ ಕಾರ್ಖಾನೆಯ ಕಾಲನಿಯಲ್ಲಿ ಮೂವತ್ತು ವರ್ಷ ಬಾಳಿದವಳು. ಯಾರ ಬಾಗಿಲಿಗೆ ಯಾರು ಬಂದರೆಂದು ಅವಳ ಕಣ್ಣು ತಪ್ಪುತ್ತಿರಲಿಲ್ಲ. ಚಪ್ಪಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಇವನ್ನ ಯಾವಾಗರ ಜರುಗಿಸೀ ಏನವಾ?"

"ಇಲ್ಲರಿ. ಆರು ತಿಂಗಳಾತು, ಇಟ್ಟಲ್ಲೇ ಅದಾವು."

"ಅದಽ ತಪ್ಪು. ಗಂಡಸು ಇದ್ದ ಮನ್ಯಾಗ ಚಪ್ಪಲಿ ಒಂದಿನ ಓರೆ, ಒಂದಿನ ಕೆಸರು. ಇವಕ್ಕ ಬರೇ ಧೂಳು. ಅದನ್ನ ಒಬ್ಬಾಂವ ನೋಡ್ಯಾನ. ಇಲ್ನೋಡು —"

ಚಪ್ಪಲಿಯ ಪಟ್ಟಿಯ ಕೆಳಗಿನಿಂದ ಕೊಳವೆಯಂತೆ ಸುತ್ತಿದ ಕಾಗದವೊಂದನ್ನು ಎಳೆದಳು.

"ಕಾಲು ಹಾಕಿದ್ರ ಅಪ್ಪಚ್ಚಿ ಆಗತಿತ್ತು. ಯಾರರ ಹಾಕ್ಕೋತಾರೇನು ಅಂತ ಪರೀಕ್ಷಾ ಮಾಡ್ಯಾನ."

ಕುಮುದಾ ಚಪ್ಪಲಿಯನ್ನು ಬಗ್ಗಿ ನೋಡಿದಳು. ಎಷ್ಟು ದಿನದಿಂದ ನೋಡುತ್ತಿದ್ದ?

ಕಾಗದ ಬಿಚ್ಚಿದರೆ — ಟು-ಲೆಟ್ ಚೀಟಿ.

ಪದ್ಮನಾಭ ನಕ್ಕ. "ಅಯ್ಯ, ಓಣಿ ತುಂಬ ಗೋಡೆ ಮ್ಯಾಲ ಅದಾವು. ಯಾರರ ಕಿತ್ತಿರ್ತಾರ!"

"ಕಿತ್ತದ್ದಾದ್ರ ಹಿಂದ ಅಂಟು ಇರಬೇಕಲ್ಲೋ? ಇದು ಸಾಫ್ ಐತಿ. ಗೋಡೆಗೆ ಹಚ್ಚದ ಚೀಟಿ ಯಾರ ಚೀಲದಾಗ ಇರ್ತಾವು?"

ಪದ್ಮನಾಭನ ಕೈ ಚೀಲವನ್ನು ಬಿಗಿಯಾಗಿ ಹಿಡಿಯಿತು.

"ಕೀಲಿ ಗೊಂಚಲು ಕೊಡು," ಎಂದಳು ಜಯಮ್ಮ.

"ಯಾಕ್ರಿ?"

"ಇಂಥಾ ಬೀಗಕ್ಕ ಮೂರು ಕೀಲಿ ಬರ್ತಾವು. ಈಕಿಗೆ ನೀ ಕೊಟ್ಟದ್ದು ಎರಡು. ಮೂರನೇದು ಎಲ್ಲೈತಿ?"

ಅವನು ಮೆಟ್ಟಿಲ ಕಡೆ ತಿರುಗಿದ. ಅಲ್ಲಿ ಜನ ಅಡ್ಡ ನಿಂತಿದ್ದರು. ಜಯಮ್ಮ ಗೊಂಚಲು ಕಸಿದುಕೊಂಡು ಒಂದೊಂದೇ ಕೀಲಿ ಹಾಕಿ ನೋಡಿದಳು. ನಾಲ್ಕನೆಯದಕ್ಕೆ ಬೀಗ ತೆರೆಯಿತು.

"ಕಳ್ಳ ನೀನಽ," ಎಂದಳು ಜಯಮ್ಮ. "ಪಾಪದಾಕಿ ಮ್ಯಾಲ ಹಾಕಾಕ ನಿಂತಿದ್ದಿ."

ಸರ ಅವನ ಚೀಲದ ತಳದಲ್ಲೇ ಇತ್ತು, ಚೀಟಿಗಳ ಕೆಳಗೆ.

"ಬೀಗ ಇವತ್ತಽ ಬದಲಿಸು," ಎಂದಳು ಜಯಮ್ಮ ಕುಮುದಾಳಿಗೆ. "ಚಪ್ಪಲಿ ಇಟ್ಟು ಕಣ್ಣು ಮುಚ್ಚಬ್ಯಾಡ. ಬಾಗಲದಾಗ ಏನು ಬದಲಾತು, ದಿನಾ ನೋಡು."

ಕುಮುದಾ ತಪ್ಪಾಯಿತೆನ್ನಲು ತಿರುಗಿದಳು. ಸುಗಲಮ್ಮ ಇರಲಿಲ್ಲ. ಅವಳ ಕೀಲಿ ಚಪ್ಪಲಿಯ ಪಕ್ಕದಲ್ಲಿತ್ತು.

ಸರ ಸಿಕ್ಕಿತು. ಸುಗಲಮ್ಮ ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.