ಮುಚ್ಚಿದ ಪಂಜರದ ಹಾಡು

ವಸಂತ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳು. ಅಂದು ಗುರುವಾರ, ಸಂಜೆಯ ಮುಂಚಿನ ನಮಾಜು ಮುಗಿದ ಹೊತ್ತು. ಅಲ್ಜೀರಿಯಾದ ಕುಸಂತೀನಾ ಊರಿನಲ್ಲಿ, ಸೇತುವೆ ಪಕ್ಕದ ಹಳೇ ಕೇರಿಯ ಮೂರನೇ ಮಹಡಿಯ ಬಾಗಿಲನ್ನು ಯಾರೋ ಎರಡು ಸಲ ತಟ್ಟಿದರು.

ವಸೀಲಾ ಜರಿಯ ಸೂಜಿಯನ್ನು ಮಖಮಲ್ಲಿಗೆ ಚುಚ್ಚಿಟ್ಟು ಬಾಗಿಲು ತೆರೆದಳು. ಬಟ್ಟೆ ಹೊದಿಸಿದ ಪಂಜರ ಹಿಡಿದು ಒಬ್ಬ ಯುವಕ ನಿಂತಿದ್ದ.

"ನಾನು ಬಾದೀಸ್."

ಏಳು ತಿಂಗಳಿಂದ ಫೋನಿನಲ್ಲಿ ಬರೀ ಅಕ್ಷರವಾಗಿದ್ದವನು... ದಿನಕ್ಕೊಮ್ಮೆಯಾದರೂ ಅವಳನ್ನು ನಗಿಸಿದವನು.

ಆ ಊರಲ್ಲಿ ಮಕ್ನೀನ್ ಎಂಬ ಪುಟ್ಟ ಹಾಡುಹಕ್ಕಿ ಸಾಕದ ಗಂಡಸು ಕಡಿಮೆ. ಮರಿಗೆ ಹಾಡು ಕಲಿಸಲು ಒಳ್ಳೇ ಹಕ್ಕಿಯ ದನಿ ಕೇಳಿಸುತ್ತಾರೆ. 'ಬಾಬಾನ ಹಕ್ಕಿ', ಅಂದರೆ ಅಪ್ಪನ ಹಕ್ಕಿ, ಎಂಬ ಹೆಸರಲ್ಲಿ ವಸೀಲಾ ಅಂತರ್ಜಾಲಕ್ಕೆ ಹಾಕುತ್ತಿದ್ದ ದನಿ ಈಗ ನೂರಾರು ಪಂಜರಗಳ ಗುರುವಾಗಿತ್ತು. ಜೊತೆಗೆ ಅವಳು ಹಾಕುತ್ತಿದ್ದದ್ದು ಬಟ್ಟೆ ಮುಚ್ಚಿದ ಪಂಜರದ ಚಿತ್ರ ಮಾತ್ರ. ಅದರ ಹಿತ್ತಾಳೆ ಕೊಕ್ಕೆಯ ಗುರುತು ಹಿಡಿದು, ಹಕ್ಕಿ ಸಾಕುವ ಮುದುಕರೊಬ್ಬರು ಬಾದೀಸ್‌ಗೆ ಈ ಮನೆ ತೋರಿಸಿದ್ದರು.

ಆದರೆ ಅವಳ ಆ ಪಂಜರದಲ್ಲಿ ಹಕ್ಕಿಯೇ ಇರಲಿಲ್ಲ. ಅಪ್ಪ ತೀರಿಕೊಂಡ ವರ್ಷವೇ ಅದೂ ಹೋಗಿತ್ತು. ಅದರ ಹಾಡನ್ನು ಸಿಳ್ಳೆಯಲ್ಲಿ ಉಳಿಸಿಕೊಂಡವಳು ವಸೀಲಾ.

ಹೆಣ್ಣು ಸಿಳ್ಳೆ ಹೊಡೆದರೆ ಮನೆಗೆ ಶೈತಾನ ಬರುತ್ತಾನೆಂದು ಚಿಕ್ಕಂದಿನಲ್ಲಿ ಅಮ್ಮ ಅವಳ ತುಟಿಗೆ ಮೆಣಸಿನಕಾಯಿ ತಿಕ್ಕಿದ್ದಳು. ಇಪ್ಪತ್ತೇಳು ತುಂಬಿದರೂ ಅಮ್ಮ ಹೊರಗೆ ಹೋದಾಗ, ಕಿಟಕಿ ಮುಚ್ಚಿಕೊಂಡೇ ಅವಳ ಸಿಳ್ಳೆ.

ಬಾದೀಸ್ ಬಂದ ಕಾರಣ ಹೇಳಿದ. ಅದು ಯಂತ್ರದಲ್ಲಿ ಮಾಡಿದ ದನಿ ಎಂದು ಕಾಫಿ ಅಂಗಡಿಯಲ್ಲಿ ಎಲ್ಲರೂ ನಗುತ್ತಿದ್ದಾರಂತೆ. ಇವನು ಜೀವವಿರುವ ದನಿಯೆಂದು ಆಣೆ ಇಟ್ಟು ಬಂದಿದ್ದಾನೆ. ನಾಳೆ ಶುಕ್ರವಾರ ಬೆಳಿಗ್ಗೆ ಸಾಬೀತು ಮಾಡದಿದ್ದರೆ ಆ ಗುಂಪಿನಲ್ಲಿ ಮುಖ ತೋರಿಸುವಂತಿಲ್ಲ.

"ಒಂದ್ಸಲ ತೋರ್ಸಿ ಸಾಕು. ಮುಟ್ಟೋದೂ ಇಲ್ಲ."

ಹೇಳಿಬಿಡಲೇ? ನಾಳೆ ಬೀದಿಯೆಲ್ಲ ಸಿಳ್ಳೆಯವಳು ಅಂತ ಕರೆದರೆ... ಇವನೂ ನಕ್ಕರೆ?

"ಹಕ್ಕಿ ಸತ್ತುಹೋಯ್ತು," ಎಂದಳು.

"ಯಾವಾಗ?"

"ನಾಲ್ಕು ವರ್ಷ ಆಯ್ತು."

ಅವನ ಮುಖ ಬಿಳಿಚಿಕೊಂಡಿತು. "ಈ ಸೋಮವಾರ ಹೊಸ ಹಾಡು ಹಾಕಿದ್ರಲ್ಲ. ಅವ್ರು ಹೇಳಿದ್ದೇ ನಿಜ ಹಾಗಾದ್ರೆ. ಏಳು ತಿಂಗಳು ನನ್ನನ್ನ ಕೋತಿ ಕುಣಿಸ್ದಂಗೆ ಕುಣಿಸಿದ್ರಿ."

ತಿರುಗಿ ಮೆಟ್ಟಿಲಿಳಿಯತೊಡಗಿದ. ಒಂದು ಮಹಡಿ... ಎರಡನೆಯದು...

ಬೆನ್ನ ಹಿಂದೆ ಅಮ್ಮ ಬಂದು ನಿಂತದ್ದು ವಸೀಲಾಗೆ ಗೊತ್ತಾಯಿತು. ಆದರೂ ಹೊಸ್ತಿಲು ದಾಟಿದಳು. ತುಟಿ ಒಣಗಿತ್ತು. ಮೊದಲು ಬರೀ ಗಾಳಿ ಬಂತು. ಮತ್ತೊಮ್ಮೆ ಊದಿದಳು. ಹಾಡು ಮೆಟ್ಟಿಲುಗಳ ಉದ್ದಕ್ಕೂ ಇಳಿದುಹೋಯಿತು.

ಕೆಳಗೆ ಬಟ್ಟೆಯೊಳಗಿಂದ ಅವನ ಹಕ್ಕಿ ಉತ್ತರ ಕೊಟ್ಟಿತು. ಅದೇ ಹಾಡು, ಕೊನೆಯಲ್ಲಿ ಅದೇ ಸಣ್ಣ ತಡೆ.

ಹೆಜ್ಜೆ ಸಪ್ಪಳ ನಿಂತಿತು. ನೆರೆಯ ಬಾಗಿಲುಗಳು ತೆರೆದವು. ಕೈ ಎತ್ತಿದ್ದ ಅಮ್ಮ ಆ ಕೈಯನ್ನು ಎದೆಗೊತ್ತಿಕೊಂಡಳು.

"ನಿಮ್ಮಪ್ಪನ ಹಕ್ಕಿ," ಎಂದಳು. "ಇಲ್ಲೇ ಬಿಟ್ಟು ಹೋಗಿದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ."

ಬಾದೀಸ್ ಮೇಲೆ ಬಂದ.

"ಕೊನೇಲಿ ಒಂದು ತಡವರಿಕೆ ಬರುತ್ತೆ. ಅದನ್ನ ನನ್ನ ಹಕ್ಕಿಗೆ ಬಿಡಿಸೋಕೆ ಮೂರು ತಿಂಗಳು ಒದ್ದಾಡಿದೀನಿ."

"ಅದು... ನಾನು ಉಸಿರು ತಗೊಳ್ಳೋದು."

"ಹಾಗಾದ್ರೆ ಬಿಡಿಸೋದಿಲ್ಲ."

ನಾಳೆ ಅವಳ ಹೆಸರೆತ್ತುವುದಿಲ್ಲ, ತಾನೇ ಸುಳ್ಳನೆನಿಸಿಕೊಳ್ಳುತ್ತೇನೆ ಎಂದ. ವಸೀಲಾ ಒಪ್ಪಲಿಲ್ಲ. ಕತ್ತಲಾಗುವ ಮೊದಲೇ ಕಿಟಕಿ ತೆರೆದು, ಖಾಲಿ ಪಂಜರದ ಪಕ್ಕ ಕುಳಿತು, ಮುಖ ಕಾಣುವಂತೆ ಸಿಳ್ಳೆ ಹೊಡೆದ ವಿಡಿಯೊ ಹಾಕಿದಳು. ಕೆಲವರು ಹಂಗಿಸಿ ಬರೆದರು. ಅವಳು ಅಳಿಸಲಿಲ್ಲ. ಶುಕ್ರವಾರ ಕಾಫಿ ಅಂಗಡಿಯಲ್ಲಿ, ಯಂತ್ರ ಎಂದವರೇ ತಮ್ಮ ಮರಿಗಳನ್ನು ತಂದು ಬಾದೀಸನ ಫೋನಿನ ಮುಂದಿಟ್ಟರು.

ದಾಳಿಂಬೆ ಹಣ್ಣಾಗುವ ಕಾಲಕ್ಕೆ ಮದುವೆ. ತಾನೇ ಜರಿ ಹಾಕಿದ ಮಖಮಲ್ಲಿನ ಉಡುಪಿನಲ್ಲಿ ಅವಳು ಮೆಟ್ಟಿಲ ಬಳಿ ನಿಂತಾಗ ಬಾದೀಸ್ ಮೆಲ್ಲಗೆ ಕೇಳಿದ:

"ಉಸಿರು ತಗೊಂಡ್ಯಾ?"

"ತಗೊಂಡೆ. ನಡಿ."

ಅಪ್ಪನ ಪಂಜರವನ್ನು ಅಮ್ಮನ ಕಿಟಕಿಯಲ್ಲೇ ಬಿಟ್ಟು, ಸಿಳ್ಳೆ ಹೊಡೆಯುತ್ತ, ವಸೀಲಾ ಆ ಮನೆಯಿಂದ ಹೊರಟದ್ದು ಒಂದು ಗುರುವಾರ.