ಬಾಯಿ ಮುಚ್ಚಿಸಿದ ಪ್ರೋಗ್ರಾಂ

“ಏ ಗಡಿಬಿಡಿ, ಬೇಗ ಬಾರೇ! ನಿನ್ನ ಸಸಿಗಳು ತಲೆ ಬಗ್ಗಿಸಿಬಿಟ್ಟಿವೆ!”

ಗೆಳತಿ ಕೂಗಿದ್ದೇ ತಡ, ಗಡಿಬಿಡಿ ಬ್ಯಾಗನ್ನು ಅಲ್ಲೇ ಬಿಸಾಡಿ ಶಾಲೆಯ ಹಿತ್ತಲಿಗೆ ಓಡಿದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಮೂವತ್ತು ಟೊಮೆಟೊ ಸಸಿಗಳೂ ಬಾಡಿ ಜೋತುಬಿದ್ದಿದ್ದವು. ಬರುವ ವಾರ ತರಗತಿಯ ಒಬ್ಬೊಬ್ಬರೂ ಒಂದೊಂದನ್ನು ಮನೆಗೆ ಒಯ್ಯುವುದಿತ್ತು. ಪಕ್ಕದ ಕಂಪ್ಯೂಟರ್ ಮಾತ್ರ ‘ಎಲ್ಲಾ ಸರಿಯಿದೆ’ ಎಂದು ಆರಾಮಾಗಿ ಕೂತಿತ್ತು.

ಮಣ್ಣು ಒಣಗಿದರೆ ಸೆನ್ಸರ್ ತಿಳಿಸಬೇಕು, ಪ್ರೋಗ್ರಾಂ ಪಂಪ್ ಓಡಿಸಬೇಕು. ಆ ಪ್ರೋಗ್ರಾಂ ಬರೆದವಳು ಗಡಿಬಿಡಿಯೇ.

ಅಲ್ಲೇ ಇದ್ದ ಶಾಲೆಯ ಮಾಲಿ ಮಾಮ ಸೆನ್ಸರಿನ ತಂತಿ ಎತ್ತಿ ತೋರಿಸಿದರು. “ಇದು ಕಳಚಿಕೊಂಡಿದೆ ನೋಡಮ್ಮ. ಗೊತ್ತಾಗಿದ್ರೆ ನಾನೇ ನೀರು ಹಾಕ್ತಿದ್ದೆ. ಎಲ್ಲಾ ಸರಿಯಿದೆ ಅಂತಿತ್ತಲ್ಲ, ನಂಬಿಬಿಟ್ಟೆ.”

ಗಡಿಬಿಡಿಗೆ ಎಲ್ಲ ನೆನಪಾಯಿತು. ಹೋದ ವಾರ ತಂತಿ ಸಡಿಲಾದಾಗಲೆಲ್ಲ ಪರದೆ ತುಂಬ ಕೆಂಪು ಅಕ್ಷರದ ಎರರ್ ಬರುತ್ತಿತ್ತು. ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಏನೇ ಎರರ್ ಬಂದರೂ ತುಟಿಪಿಟಿಕ್ಕೆನ್ನದೆ ‘ಎಲ್ಲಾ ಸರಿಯಿದೆ’ ಎಂದು ತೋರಿಸುವಂತೆ ಅವಳೇ ಪ್ರೋಗ್ರಾಂ ಬದಲಿಸಿದ್ದಳು.

“ತಪ್ಪು ತಂತೀದಲ್ಲ ಮಾಮ, ನಂದು. ಅದರ ಬಾಯಿ ಮುಚ್ಚಿಸಿದ್ದು ನಾನೇ.” ಗಡಿಬಿಡಿಯ ಕಣ್ಣು ತುಂಬಿ ಬಂತು.

“ಅಳೋದು ಆಮೇಲೆ. ಬೇರಲ್ಲಿ ಇನ್ನೂ ಜೀವ ಇದೆ. ಮೊದಲು ನೀರು ಹಾಕೋಣ,” ಅಂದರು ಮಾಮ.

ಇಬ್ಬರೂ ಮಗ್ಗಿನಲ್ಲಿ ಒಂದೊಂದೇ ಸಸಿಗೆ ನೀರು ಹಾಕಿದರು.

ಮಧ್ಯಾಹ್ನ ಅವಳು ಕಳಚಿದ ತಂತಿಯನ್ನು ಮತ್ತೆ ಸಿಕ್ಕಿಸಿ, ಪ್ರೋಗ್ರಾಂ ಮುಂದೆ ಕೂತಳು. ತಂತಿ ಕಳಚಿದರೆ? ಪಂಪ್ ಕೈಕೊಟ್ಟರೆ? ಪಂಪ್ ಓಡಿದರೂ ಮಣ್ಣು ನೆನೆಯದಿದ್ದರೆ? ಏನಾದರೆ ಏನು ಹೇಳಬೇಕೆಂದು ನಿಧಾನವಾಗಿ ಬರೆದಳು. ಜೊತೆಗೊಂದು ಬಜರ್ ಕೂಡ ಸಿಕ್ಕಿಸಿದಳು.

“ಮತ್ತೆ ಕೆಂಪು ಅಕ್ಷರ ಬಂದ್ರೆ ಎಲ್ರೂ ನಗ್ತಾರೆ ಕಣೇ,” ಅಂದಳು ಗೆಳತಿ.

“ನಗ್ಲಿ ಬಿಡೇ.”

ಸೋಮವಾರ ಗೇಟಿನ ಹತ್ತಿರ ಬರುವಾಗಲೇ ಬಜರಿನ ಸದ್ದು ಕೇಳಿಸಿತು. ಹುಡುಗರು ಕಂಪ್ಯೂಟರ್ ಸುತ್ತ ಮುತ್ತಿಕೊಂಡಿದ್ದರು.

“ಗಡಿಬಿಡಿ, ನಿನ್ನ ಪ್ರೋಗ್ರಾಂ ಮತ್ತೆ ಕೆಟ್ಟುಹೋಯ್ತು!”

ಪರದೆಯ ಮೇಲೆ ದೊಡ್ಡ ಕೆಂಪು ಅಕ್ಷರಗಳಿದ್ದವು. ‘ಪಂಪ್ ಓಡುತ್ತಿದೆ, ಮಣ್ಣು ನೆನೆಯುತ್ತಿಲ್ಲ. ಟ್ಯಾಂಕ್ ಖಾಲಿ ಇರಬಹುದು. ಯಾರಾದರೂ ಬೇಗ ಬನ್ನಿ.’

ಮಾಲಿ ಮಾಮ ಆಗಲೇ ಪೈಪ್ ಹಿಡಿದು ಟ್ಯಾಂಕ್ ತುಂಬಿಸುತ್ತಿದ್ದರು. “ಕರೀತಲ್ಲ, ಬಂದೆ,” ಅಂದರು.

ಮೂವತ್ತು ಸಸಿಗಳೂ ನೆಟ್ಟಗೆ ನಿಂತಿದ್ದವು.

“ಕೆಟ್ಟಿಲ್ಲ ಕಣ್ರೋ,” ಎಂದು ಗಡಿಬಿಡಿ ಹುಡುಗರನ್ನು ಸರಿಸಿ ಮುಂದೆ ಬಂದಳು. ಎಲ್ಲರಿಗೂ ಕೇಳುವಂತೆ, ಆ ಕೆಂಪು ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು.